ದೇವಗಿರಿಯ ದಾರಿಯಿಂದ ‘ತುಘಲಕ್’: ವಿಲೆ ಪಾರ್ಲೆಯ ಕನ್ನಡ ವಿದ್ಯಾರ್ಥಿಗಳ ಪೂರ್ವಜ್ಞಾನ

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಪಾಠ ಸಾಮಾನ್ಯವಾಗಿ ದಿಲ್ಲಿ ಸುಲ್ತಾನರ ಚರಿತ್ರೆಯ ಉಪನ್ಯಾಸದಿಂದ ತೊಡಗುತ್ತದೆ. ವಿದ್ಯಾರ್ಥಿಗೆ ಏನೂ ತಿಳಿಯದೆಂಬ ಗ್ರಹಿಕೆ ಇದರ ಹಿಂದಿದೆ. ಮುಂಬಯಿಯ ವಿಲೆ ಪಾರ್ಲೆಯಲ್ಲಿ ಈ ಗ್ರಹಿಕೆ ನಿಲ್ಲದು. ಇಲ್ಲಿನ ಕನ್ನಡಿಗರ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತ, ಮಹಾರಾಷ್ಟ್ರದ ಪಠ್ಯಪುಸ್ತಕಗಳಲ್ಲಿ ಚರಿತ್ರೆ ಓದಿದವರು. ಸಮೀಪದ ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಇಂಥವರು ಬಂದಾಗ, ಅವರ ತಿಳಿವು ಧಾರವಾಡದ ವಿದ್ಯಾರ್ಥಿಯ ತಿಳಿವಿಗಿಂತ ಬೇರೆ ಜಾಡಿನದಾಗಿರುತ್ತದೆ.

ದೇವಗಿರಿಯನ್ನೇ ನೋಡಿ. ಮರಾಠಿ ಪರಿಸರದಲ್ಲಿ ಅದು ಯಾದವರ ವೈಭವದ ರಾಜಧಾನಿ. 1290ರ ಜ್ಞಾನೇಶ್ವರಿಯ ಕೊನೆಯಲ್ಲಿ ಯಾದವ ರಾಮಚಂದ್ರನ ಹೆಸರಿದೆ. ಅದೇ ಯಾದವರು ನಮಗೆ ಸೇವುಣರು. ಅವರ ಶಾಸನಗಳಲ್ಲಿ ಕನ್ನಡದವೂ ಹಲವು. ನಾಟಕದಲ್ಲಿ ಆ ಊರು ದೌಲತಾಬಾದ್, ಸುಲ್ತಾನನ ಆಜ್ಞೆಯಂತೆ ಹೊರಟ ದಿಲ್ಲಿಯ ಜನ ದಾರಿಯುದ್ದಕ್ಕೂ ಹೆಣವಾಗುತ್ತ ತಲುಪುವ ಕೋಟೆ. ಮೂರು ನೆನಪುಗಳು ಒಂದೇ ಬೆಟ್ಟದ ಮೇಲೆ ಕೂಡುತ್ತವೆ. ಇಂಥ ಸಂಪತ್ತನ್ನು ವಿಚಾರಿಸದೆ ಪಾಠ ಆರಂಭಿಸುವುದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ತಿಳಿವು ತೊಡಕೂ ಆಗಬಲ್ಲದು. ಕನ್ನಡದ ‘ತುಘಲಕ್ ದರ್ಬಾರ್’, ಹಿಂದಿಯ ‘ತುಘಲಕೀ ಫರ್ಮಾನ್’ ಎಂಬ ಮಾತುಗಳನ್ನು ಕೇಳಿ ಬೆಳೆದವರಿಗೆ ಸುಲ್ತಾನ ಮೊದಲೇ ಹುಚ್ಚ. ಆದರೆ 1327ರಲ್ಲಿ ನಡೆಯುವ ಮೊದಲ ದೃಶ್ಯದಲ್ಲಿ ಅವನು ತನ್ನ ವಿರುದ್ಧವೇ ಬಂದ ತೀರ್ಪಿಗೆ ತಲೆಬಾಗುತ್ತಾನೆ. ಆ ಆದರ್ಶವನ್ನು ನಂಬದ ಓದುಗನಿಗೆ ಹದಿಮೂರನೆಯ ದೃಶ್ಯದ ಒಂಟಿತನ ತಟ್ಟುವುದಿಲ್ಲ. ಕಲಿಯುವವನಿಗೆ ಈಗಾಗಲೇ ತಿಳಿದಿರುವುದೇ ಕಲಿಕೆಯ ಮುಖ್ಯ ಅಂಶ ಎಂದು ಶಿಕ್ಷಣ ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1968ರಲ್ಲಿ ವಾದಿಸಿದ್ದರು. ಇಲ್ಲಿ ಅದಕ್ಕೆ ಎರಡೂ ಮುಖಗಳಿವೆ.

ಆದ್ದರಿಂದ ಪಾಠಕ್ಕೆ ಮೊದಲು ಈ ತಿಳಿವನ್ನು ಅರಿಯಲು ಇಸವಿಗಳನ್ನು ಕೇಳುವ ಕಿರುಪರೀಕ್ಷೆ ಸಾಲದು. ಇಂಥ ಪ್ರಶ್ನೆಗಳು ಬೇಕು: ದೇವಗಿರಿ ಎಂದೊಡನೆ ಏನು ನೆನಪಾಗುತ್ತದೆ? ‘ತುಘಲಕ್ ದರ್ಬಾರ್’ ಎಂದು ಯಾರನ್ನು, ಯಾವಾಗ ಅನ್ನುತ್ತಾರೆ? ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಬರಲು ಏನು ಬೇಕು? ಉತ್ತರಗಳನ್ನು ಯಾವ ಭಾಷೆಯಲ್ಲಾದರೂ ಬರೆಯಲು ಬಿಡಬೇಕು. ಕನ್ನಡದಲ್ಲೇ ಎಂದು ಹಟ ಹಿಡಿದರೆ ಅಳೆಯುವುದು ಭಾಷೆಯನ್ನು, ತಿಳಿವನ್ನಲ್ಲ. ಸುಲ್ತಾನ ತಾಮ್ರದ ನಾಣ್ಯವನ್ನು ಘೋಷಿಸುವ ಆರನೆಯ ದೃಶ್ಯ ಮುಗಿದ ಮೇಲೆ ಹಾಳೆಗಳನ್ನು ಮರಳಿಸಿ, ತಮ್ಮ ಮಾತನ್ನು ತಾವೇ ತಿದ್ದಲು ಹೇಳಬೇಕು. ಆ ಹಾಳೆಗಳಿಗೆ ಅಂಕ ಕೊಡಬೇಡಿ ಎಂಬುದು ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ.