ಹೊರಹಾಕಿದ ನೀರು ಮರಳಿ ಬಾರದಂತೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಘತ್ತರಗಿ ಎಂದೊಡನೆ ಭಾಗ್ಯವಂತಿ ದೇವಿಯ ಗುಡಿಯೂ ಅದರ ಬದಿಯಲ್ಲಿ ಹರಿಯುವ ಭೀಮಾ ನದಿಯೂ ನೆನಪಿಗೆ ಬರುತ್ತವೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಸುಮಾರು 860 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುವ ಈ ಹೊಳೆಗೆ ಸೇತುವೆ, ಬ್ಯಾರೇಜುಗಳು ಬಂದದ್ದು ಈಚಿನ ಮಾತು. ಅದಕ್ಕೆ ಮೊದಲು ನಮ್ಮ ಬಯಲುಸೀಮೆಯ ನದಿಗಳಲ್ಲಿ ಜನರನ್ನು ದಡ ಮುಟ್ಟಿಸುತ್ತಿದ್ದುದು ಹರಿಗೋಲು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡಿದ್ದ. ಬುಟ್ಟಿಯಂತೆ ದುಂಡಗಿದ್ದು, ಹೊರಗೆ ಚರ್ಮ ಹೊದ್ದ ಈ ದೋಣಿ ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತದೆ ಎಂದು ಅವನು ಬರೆದಿಟ್ಟಿದ್ದಾನೆ. ಹರಿಗೋಲಿಗೆ ನೀರು ಹೊರಹೋಗುವ ಕಂಡಿಯೇ ಇಲ್ಲ. ಒಳಗೆ ಜಿನುಗಿದ ನೀರನ್ನು ಅಂಬಿಗ ಬೋಗುಣಿಯಿಂದ ಎತ್ತಿ ಅಂಚಿನ ಮೇಲಿಂದ ಚೆಲ್ಲುತ್ತಾನೆ. ಚೆಲ್ಲಿದ ನೀರು ಅದೇ ದಾರಿಯಲ್ಲಿ ಮರಳುವ ಭಯವಿಲ್ಲ.

ದೋಣಿ ದೊಡ್ಡದಾದಂತೆ ಬೋಗುಣಿ ಸಾಲದಾಯಿತು. ಕ್ರಿ.ಪೂ. 3ನೇ ಶತಮಾನದಲ್ಲಿ ಸಿರಕ್ಯೂಸಿನ ದೊರೆ ಹಿಯೆರೊ ಕಟ್ಟಿಸಿದ ಭಾರಿ ಹಡಗಿನ ತಳದ ನೀರನ್ನು ಆರ್ಕಿಮಿಡೀಸನ ತಿರುಪು ಯಂತ್ರದಿಂದ ಒಬ್ಬನೇ ಆಳು ಎತ್ತುತ್ತಿದ್ದನೆಂದು ಹಳೆಯ ಗ್ರೀಕ್ ಬರಹ ಹೇಳುತ್ತದೆ. ಅದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟೆಸಿಬಿಯಸ್ ಒತ್ತು ಪಂಪನ್ನು ರೂಪಿಸಿದ. ಅದರ ಕೊಳವೆಯ ಬಾಯಿಗೆ ಒಂದೇ ಕಡೆ ತೆರೆಯುವ ಮುಚ್ಚಳವಿತ್ತು. ನೀರು ಮುಂದೆ ನುಗ್ಗಿದಾಗ ತೆರೆಯುತ್ತದೆ, ಹಿಂದೆ ಒತ್ತಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ.

ಈ ತತ್ತ್ವ ನಮಗೆ ಹೊಸತಲ್ಲ. ಕಮ್ಮಾರನ ತಿದಿಯಲ್ಲಿ ಗಾಳಿಯನ್ನು ಒಳಬಿಟ್ಟು ಹಿಂದಕ್ಕೆ ಬಿಡದ ಚರ್ಮದ ತುಂಡು ಮಾಡುವುದೂ ಇದೇ ಕೆಲಸ. ಭೀಮೆಯ ದಡದಲ್ಲಿ ಪಂಪಿಟ್ಟು ಹೊಲಕ್ಕೆ ನೀರೆತ್ತುವ ರೈತನಿಗೆ ಫುಟ್‌ವಾಲ್ವ್ ಚೆನ್ನಾಗಿ ಗೊತ್ತು. ಅದು ಕೆಟ್ಟರೆ ಕೊಳವೆಯ ನೀರೆಲ್ಲ ಹೊಳೆಗೆ ಇಳಿದುಹೋಗಿ ಪಂಪು ಬರಿದೆ ತಿರುಗುತ್ತದೆ. ರೈತನಿಗೆ ಅದರಿಂದ ಆಗುವ ನಷ್ಟ ಅರ್ಧ ದಿನದ ಕೆಲಸ. ದೋಣಿಯಲ್ಲಾದರೆ ಜೀವವೇ ಹೋಗಬಹುದು.

20ನೇ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಎಂಜಿನ್ ದೋಣಿಗಳು ಹೆಚ್ಚಿದವು. ತಿರುಗುವ ದಂಡವು ಒಡಲನ್ನು ತೂರಿ ಹೊರಬರುವಲ್ಲಿ ನೀರು ಜಿನುಗಬಹುದು. ಅಲೆ, ಮಳೆಗಳ ನೀರೂ ತಳಕ್ಕೆ ಇಳಿಯುತ್ತದೆ. ಅದನ್ನು ಪಂಪು ಎತ್ತಿ, ಪಕ್ಕದ ಕಂಡಿಯಿಂದ ಹೊರಹಾಕುತ್ತದೆ. ತೊಡಕು ಹುಟ್ಟುವುದು ಇಲ್ಲೇ. ಹೊರೆ ಹೆಚ್ಚಾಗಿಯೋ, ದೋಣಿ ವಾಲಿಯೋ ಆ ಕಂಡಿ ನೀರಿನಡಿಗೆ ಹೋಯಿತೆನ್ನಿ. ಪಂಪು ನಿಂತರೂ ಕೊಳವೆ ತುಂಬಿಯೇ ಇರುತ್ತದೆ. ಹೊರಗಿನ ಮಟ್ಟ ಎತ್ತರ, ತಳದ ಮಟ್ಟ ತಗ್ಗು. ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ರಬ್ಬರ್ ಕೊಳವೆಯಲ್ಲಿ ಇಳಿಸಿದಂತೆ ನೀರು ತಾನಾಗಿಯೇ ಒಳಗೆ ಹರಿಯತೊಡಗುತ್ತದೆ. ದೋಣಿ ತಗ್ಗಿದಷ್ಟೂ ಕಂಡಿ ಇನ್ನೂ ಆಳಕ್ಕೆ ಇಳಿಯುತ್ತದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಅನುಭವ ಕಲಿಸಿದ ಉಪಾಯಗಳು ಮೂರು. ಮೊದಲನೆಯದು, ಕಂಡಿಯನ್ನು ನೀರಿನ ಮಟ್ಟಕ್ಕಿಂತ ಸಾಧ್ಯವಾದಷ್ಟು ಮೇಲೆ ಇಡುವುದು. ಎರಡನೆಯದು, ಕೊಳವೆಯನ್ನು ಮೇಲಕ್ಕೆ ಕಮಾನಿನಂತೆ ಬಾಗಿಸಿ, ಅದರ ನೆತ್ತಿಯಲ್ಲಿ ಗಾಳಿ ಒಳಬರುವ ಕಿರುದಾರಿ ಬಿಡುವುದು. ಗಾಳಿ ಹೊಕ್ಕೊಡನೆ ನೀರಿನ ಎಳೆ ಕಡಿದುಹೋಗುತ್ತದೆ. ದೋಣಿ ಎಷ್ಟೇ ವಾಲಿದರೂ ಆ ನೆತ್ತಿ ನೀರಿನ ಮೇಲೆಯೇ ಉಳಿಯಬೇಕು. ಮೂರನೆಯದು, ಒಮ್ಮುಖ ವಾಲ್ವ್. ಆದರೆ ಇದೊಂದನ್ನೇ ನಂಬುವುದು ಸಲ್ಲದು. ಮೀನಿನ ಹುರುಪೆ, ಹಗ್ಗದ ನಾರು ಸಿಕ್ಕಿದರೆ ಮುಚ್ಚಳ ಪೂರ್ತಿ ಕೂರುವುದಿಲ್ಲ. ಅಂಟಿಕೊಂಡು ತೆರೆಯದೆ ಹೋದರೆ ತಳದ ನೀರು ಹೊರಗೇ ಹೋಗುವುದಿಲ್ಲ. ಆದ್ದರಿಂದ ಮೊದಲ ಎರಡನ್ನು ಸರಿಪಡಿಸಿಕೊಂಡ ಮೇಲಷ್ಟೇ ಮೂರನೆಯದರ ಮಾತು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಅಂಥ ದಿನ ಹರಿಗೋಲಿಗೂ ಎಂಜಿನ್ ದೋಣಿಗೂ ಕೆಲಸ ಒಂದೇ, ಜನರನ್ನು ದಡ ಸೇರಿಸುವುದು. ದೋಣಿಯನ್ನು ಪರೀಕ್ಷಿಸಲು ಮಾತ್ರ ಮಳೆಗಾಲಕ್ಕೆ ಮುಂಚಿನ ದಿನಗಳೇ ಒಳ್ಳೆಯವು. ಪೂರ್ತಿ ಹೊರೆ ಹೇರಿ ನೀರಿಗಿಳಿಸಿ, ತಳಕ್ಕೆ ಎರಡು ಕೊಡ ನೀರು ಸುರಿದು, ಪಂಪು ನಡೆಸಿ ನಿಲ್ಲಿಸಬೇಕು. ಕೊಳವೆಯಲ್ಲಿ ಉಳಿದ ಸ್ವಲ್ಪ ನೀರು ಇಳಿದು ನಿಂತರೆ ಸರಿ. ನಿಲ್ಲದೆ ಏರುತ್ತಲೇ ಹೋದರೆ, ಆ ದೋಣಿಗೆ ಜನರನ್ನು ಹತ್ತಿಸುವಂತಿಲ್ಲ.