ಉಬುಂಟು ವ್ಯವಸ್ಥೆಯಲ್ಲಿ ಮೈಕ್ರೊಫೋನ್ ಪತ್ತೆಯಾಗದಿದ್ದಲ್ಲಿ ಅನುಸರಿಸಬೇಕಾದ ಕ್ರಮಗಳು

ವಿಡಿಯೋ ಮೂಲಕ ಸಂದರ್ಶನಕ್ಕೆ ಅಥವಾ ವಿಚಾರಣೆಗೆ ಹಾಜರಾಗುವವರ ಧ್ವನಿ ಎದುರಿನವರಿಗೆ ಕೇಳಿಸದಿದ್ದಲ್ಲಿ, ಉಪಕರಣವೇ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಖರೀದಿಸುವುದುಂಟು. ಅದಕ್ಕೆ ಮುನ್ನ ಈ ಕೆಳಕಂಡಂತೆ ಪರಿಶೀಲಿಸತಕ್ಕದ್ದು.

ಮೊದಲು 'ಸೆಟ್ಟಿಂಗ್ಸ್'ನ 'ಸೌಂಡ್' ಪುಟದಲ್ಲಿ 'ಇನ್‌ಪುಟ್' ಸಾಧನವನ್ನು ನೋಡುವುದು. ಅಲ್ಲಿ ಮೈಕ್ರೊಫೋನ್ ಹೆಸರು ಇಲ್ಲದಿದ್ದರೆ, ಟರ್ಮಿನಲ್‌ನಲ್ಲಿ ಎರೆಕಾರ್ಡ್ ಎಂಬ ಆದೇಶವನ್ನು ರೋಮನ್ ಸಣ್ಣಕ್ಷರಗಳಲ್ಲಿ ಬರೆದು, ತೆರಪು ಬಿಟ್ಟು, ಅಡ್ಡಗೆರೆ ಮತ್ತು ಎಲ್ ಅಕ್ಷರವನ್ನು (ಅಂಕಿ ಒಂದನ್ನಲ್ಲ) ಸೇರಿಸಿ ನೀಡತಕ್ಕದ್ದು. ಕರ್ನೆಲ್ ಗುರುತಿಸಿರುವ ಧ್ವನಿಗ್ರಹಣ ಸಾಧನಗಳನ್ನು ಇದು ತೋರಿಸುವುದರಿಂದ, ದೋಷವು ಯಾವ ಹಂತದಲ್ಲಿದೆಯೆಂಬುದು ಇಲ್ಲಿಯೇ ಬಹುಮಟ್ಟಿಗೆ ತಿಳಿದುಬರುತ್ತದೆ.

ಪಟ್ಟಿಯಲ್ಲಿ ಸಾಧನವಿದ್ದರೆ ಕೂಡಲೇ ಯಂತ್ರಾಂಶವನ್ನು ದೂರುವಂತಿಲ್ಲ. 'ಪಾವುಕಂಟ್ರೋಲ್' ತಂತ್ರಾಂಶವನ್ನು ಅಳವಡಿಸಿಕೊಂಡು, ಅದರ 'ಕಾನ್ಫಿಗರೇಶನ್' ಪುಟದಲ್ಲಿ ಪ್ರೊಫೈಲ್ 'ಆಫ್' ಅಥವಾ ಕೇವಲ 'ಔಟ್‌ಪುಟ್' ಆಗಿದ್ದಲ್ಲಿ 'ಡ್ಯೂಪ್ಲೆಕ್ಸ್' ಎಂದು ಬದಲಿಸುವುದು. ಪಲ್ಸ್ಆಡಿಯೋ ಇರುವ ಹಳೆಯ ಆವೃತ್ತಿಗಳಿಗೂ, 2022ರ 22.10ರಿಂದ ಪೈಪ್‌ವೈರ್ ಬಳಸುವ ಆವೃತ್ತಿಗಳಿಗೂ ಇದು ಅನ್ವಯಿಸುತ್ತದೆ. ಆದಾಗ್ಯೂ ಧ್ವನಿ ಬಾರದಿದ್ದರೆ 'ಆಲ್ಸಾಮಿಕ್ಸರ್' ತೆರೆದು, ಎಫ್6 ಕೀಲಿಯಿಂದ ಸೌಂಡ್ ಕಾರ್ಡನ್ನು ಆಯ್ದು, ಎಫ್4 ಒತ್ತಿ, 'ಕ್ಯಾಪ್ಚರ್' ಮಟ್ಟವನ್ನು ಏರಿಸತಕ್ಕದ್ದು.

ಪಟ್ಟಿಯಲ್ಲಿ ಸಾಧನವೇ ಇಲ್ಲದಿದ್ದರೆ, ಬಯೋಸ್‌ನಲ್ಲಿ ಮೈಕ್ರೊಫೋನ್ ನಿಷ್ಕ್ರಿಯಗೊಂಡಿದೆಯೇ ಎಂದು ನೋಡುವುದು. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳ ಒಳ ಮೈಕ್ರೊಫೋನಿಗೆ 'ಸೌಂಡ್ ಓಪನ್ ಫರ್ಮ್‌ವೇರ್' ಅವಶ್ಯವಿರಬಹುದು. ವ್ಯವಸ್ಥೆಯನ್ನು ಪರಿಷ್ಕರಿಸಿ ಪುನರಾರಂಭಿಸತಕ್ಕದ್ದು.

ಮೊಬೈಲ್ ಫೋನಿನ ಹೆಡ್‌ಸೆಟ್ ಬಳಸುವವರು ಒಂದು ಅಂಶವನ್ನು ಗಮನಿಸಬೇಕು. ಮೈಕ್ರೊಫೋನಿಗೆ ಪ್ರತ್ಯೇಕ ಗುಲಾಬಿ ಬಣ್ಣದ ರಂಧ್ರವಿರುವ ಗಣಕಯಂತ್ರಗಳಲ್ಲಿ ಅದರ ನಾಲ್ಕು ಸಂಪರ್ಕಗಳ ಪಿನ್ನು ನೇರವಾಗಿ ಕೆಲಸ ಮಾಡುವುದಿಲ್ಲ. ವಿಭಜಕ ತಂತಿ ಬೇಕಾಗುತ್ತದೆ.