ಮಧುರೈ ಕಣ್ಣಾಸ್ಪತ್ರೆಯ ಮ್ಯಾನೇಜ್‌ಮೆಂಟ್ ಪಾಠ

ಸಾಲದ ಅರ್ಜಿ ನೋಡಿ ನೋಡಿ ತಲೆ ನರೆತವನು ನಾನು. 58ಕ್ಕೆ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಡಾಕ್ಟರೊಬ್ಬರು, ಸಂಧಿವಾತದಿಂದ ಬೆರಳು ಸೊಟ್ಟಗಾದವರು, "ಆಸ್ಪತ್ರೆ ಕಟ್ಟುತ್ತೇನೆ, ಬಡವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ" ಎಂದು ನನ್ನ ಟೇಬಲ್ಲಿಗೆ ಬಂದಿದ್ದರೆ ಕಾಫಿ ಕುಡಿಸಿ ಕಳಿಸುತ್ತಿದ್ದೆ. ಸಾಲ ಮಾತ್ರ ಖಂಡಿತ ಕೊಡುತ್ತಿರಲಿಲ್ಲ!

1976ರಲ್ಲಿ ಮಧುರೈನಲ್ಲಿ ಡಾ. ಜಿ. ವೆಂಕಟಸ್ವಾಮಿ ಹೊರಟಿದ್ದು ಹೀಗೆಯೇ. 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ. ಅದಕ್ಕಾಗಿ ಮನೆ ಅಡವಾಯಿತು, ಮನೆಯವರ ಒಡವೆಯೂ ಅಡವಿಗೆ ಹೋಯಿತು.

ಆಮೇಲಿನ ಲೆಕ್ಕ ನಾವು ಬಿ.ಕಾಂ.ನಲ್ಲಿ ಓದಿದ್ದೇ. ಸ್ಥಿರ ವೆಚ್ಚವನ್ನು ಹೆಚ್ಚು ಜನಕ್ಕೆ ಹಂಚಿದಷ್ಟೂ ತಲಾ ಖರ್ಚು ಇಳಿಯುತ್ತದೆ. ಒಬ್ಬರ ಕಣ್ಣಿನ ಪೊರೆ ತೆಗೆಯುವಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಮುಂದಿನವರು ಸಿದ್ಧ. ಡಾಕ್ಟರೇ ಮಾಡಬೇಕಿಲ್ಲದ ಕೆಲಸವನ್ನೆಲ್ಲ ತರಬೇತಿ ಪಡೆದ ಹಳ್ಳಿ ಹುಡುಗಿಯರು ಮಾಡುತ್ತಾರೆ. ಕೊಡಬಲ್ಲವರ ಹಣದಿಂದ ಕೊಡಲಾಗದವರ ಆಪರೇಷನ್ನೂ ನಡೆಯುತ್ತದೆ. (ಡಾಕ್ಟರು ಇದಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದದ್ದು ಮೆಕ್‌ಡೊನಾಲ್ಡ್ಸ್ ಹೋಟೆಲಿನದು!)

1992ರಲ್ಲಿ ಲಯನ್ಸ್ ನೆರವಿನಿಂದ 'ಲೈಕೊ' ಎಂಬ ತರಬೇತಿ ಸಂಸ್ಥೆಯೂ ಅಲ್ಲೇ ಶುರುವಾಯಿತು. ಕೆಲಸದಲ್ಲಿರುವ ವೈದ್ಯರು, ಆಡಳಿತಾಧಿಕಾರಿಗಳು ಬೇರೆ ಬೇರೆ ಆಸ್ಪತ್ರೆಗಳಿಂದ ತಂಡವಾಗಿ ಬರುತ್ತಾರೆ. ಬರುವಾಗ ತಮ್ಮ ಅಂಕಿಅಂಶ ತರುತ್ತಾರೆ, ಹೋಗುವಾಗ ಯೋಜನೆ ಬರೆದುಕೊಂಡು ಹೋಗುತ್ತಾರೆ. ರೋಗಿಗಳ ಸಂಖ್ಯೆ, ಸಿಬ್ಬಂದಿ, ಜಮಾ-ಖರ್ಚು ಎಲ್ಲ ಅದರಲ್ಲಿರುತ್ತದೆ. ಆಸ್ಪತ್ರೆ ನಡೆಸುವುದೂ ಕಲಿಯಬೇಕಾದ ವಿದ್ಯೆ ಎಂದು ನಮ್ಮ ದೇಶದ ಎಷ್ಟು ಡಾಕ್ಟರುಗಳು ಒಪ್ಪುತ್ತಾರೋ ಕಾಣೆ.

1993ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಕಸ್ತೂರಿ ರಂಗನ್ ಈ ಆಸ್ಪತ್ರೆಯ ಬಗ್ಗೆ ಕೇಸ್ ಸ್ಟಡಿ ಬರೆದರು. ಅಡವಿಟ್ಟ ಮನೆಯ ಕಥೆ ಅಮೆರಿಕದ ಎಂಬಿಎ ಕ್ಲಾಸಿಗೂ ಹೋಯಿತು. ವೆಂಕಟಸ್ವಾಮಿಯವರು 2006ರಲ್ಲಿ ತೀರಿಕೊಂಡರು. ಲೈಕೊ ತರಬೇತಿಗೆ ನಮ್ಮಂಥ ಬ್ಯಾಂಕಿನವರನ್ನೂ ಒಮ್ಮೆ ಕೂರಿಸಬೇಕು ಅಂತ ನನಗೆ ಅನ್ನಿಸುತ್ತಿರುತ್ತದೆ.